ಲಸಿಕೆಯ ನೋವು ತಗ್ಗಿಸಲು ಮನೆಯವರನ್ನು ಒಪ್ಪಿಸಿದ ಬಗೆ

ಮಂಡ್ಯ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಆರು ವಾರ ತುಂಬಿದ ಕೂಸಿಗೆ ಬಾಯಿಗೆ ಹಾಕುವ ಹನಿಗಳಲ್ಲದೆ ಮೂರು ಚುಚ್ಚುಮದ್ದುಗಳಿರುತ್ತವೆ: ಎಡತೊಡೆಗೆ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್, ಬಲತೊಡೆಗೆ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್, ಬಲತೋಳಿನ ಚರ್ಮದೊಳಕ್ಕೆ ಪೋಲಿಯೊ. ಎಳೆಗೂಸಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂಬ ನಂಬಿಕೆ ಒಂದು ಕಾಲಕ್ಕೆ ವೈದ್ಯರಲ್ಲಿಯೂ ಇತ್ತು. ನವಜಾತ ಶಿಶುವೂ ನೋವುಣ್ಣುತ್ತದೆ ಎಂಬುದಕ್ಕೆ ಆನಂದ್ ಮತ್ತು ಹಿಕಿ ಎಂಬ ವೈದ್ಯರು 1987ರಲ್ಲಿ ಆಧಾರಗಳನ್ನು ಒಂದೆಡೆ ಸೇರಿಸಿ ಪ್ರಕಟಿಸಿದ ಮೇಲೆ ಅದು ಸಡಿಲವಾಗುತ್ತ ಬಂತು.

ಲಸಿಕೆಯ ನೋವನ್ನು ತಗ್ಗಿಸುವುದಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಗಳಲ್ಲಿ ಹೆಚ್ಚಿನವಕ್ಕೆ ಕಾಸಿನ ಖರ್ಚಿಲ್ಲ. ಸೂಜಿ ಚುಚ್ಚಿದ ಮೇಲೆ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡಬಾರದು. ಹೆಚ್ಚು ನೋಯುವ ಲಸಿಕೆಯನ್ನು ಕೊನೆಗೆ ಹಾಕಬೇಕು. ಮಗುವನ್ನು ಮನೆಯವರು ಎತ್ತಿಕೊಂಡಿರಬೇಕು. ಹಾಲುಣ್ಣುವ ಕೂಸಿಗೆ ಆ ಹೊತ್ತಿನಲ್ಲಿ ಅಥವಾ ತುಸು ಮುಂಚೆ ಎದೆಹಾಲು ಕೊಡಬೇಕು. ಮೊದಲಿನೆರಡು ನನ್ನ ಕೈಯಲ್ಲಿದ್ದವು. ಉಳಿದೆರಡಕ್ಕೆ ಮನೆಯವರು ಒಪ್ಪಬೇಕಿತ್ತು.

ಚೊಚ್ಚಲ ಬಾಣಂತನ ನಮ್ಮಲ್ಲಿ ತವರಿನಲ್ಲೇ ನಡೆಯುವುದರಿಂದ ಆರನೆಯ ವಾರದ ಲಸಿಕೆಗೆ ಬಾಣಂತಿಯ ಜೊತೆ ಬರುವುದು ಅವಳ ತಾಯಿ, ಮಾತು ನಡೆಯುವುದೂ ಅವರದೇ. "ಆಲು ಕುಡಿಯುವಾಗ ಚುಚ್ಚಿ ನೆತ್ತಿಗೆ ಹತ್ಬುಟ್ರೆ ಏನ್ಮಾಡದು ಸಿಸ್ಟ್ರಮ್ಮ?" ಎಂದು ಒಬ್ಬ ಅಜ್ಜಿ ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಹಾಗಾಗಿ ಕೂಸಿನ ತಲೆ ಎತ್ತರದಲ್ಲಿರುವಂತೆ ಹಿಡಿಸಿ ತೋರಿಸಿದೆ. ಅಷ್ಟಕ್ಕೂ ಧೈರ್ಯ ಬಾರದಿದ್ದರೆ ಮುಂಚೆಯೇ ಕುಡಿಸಿ, ಮಡಿಲಲ್ಲೇ ಇರಿಸಿಕೊಳ್ಳಲಿ ಎಂದೆ. 10 ಅಧ್ಯಯನಗಳ 1,066 ಶಿಶುಗಳನ್ನು ಒಳಗೊಂಡ 2016ರ ಕಾಕ್ರೇನ್ ಸಮೀಕ್ಷೆಯ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯದು) ಪ್ರಕಾರ ಹಾಲುಣ್ಣುತ್ತಿದ್ದ ಕೂಸುಗಳ ಅಳು ಸರಾಸರಿ 38 ಸೆಕೆಂಡಿನಷ್ಟು ಕಡಿಮೆಯಿತ್ತು. ಸಮೀಕ್ಷೆಯ ಹೆಸರು ಅಜ್ಜಿಗೆ ಬೇಕಿಲ್ಲ. ಅಂಗನವಾಡಿಯ ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಅರ್ಧ ಸುತ್ತು ದಾಟುವವರೆಗೆ ಅವರ ಜೊತೆ ನಿಂತು ನೋಡಿ, ಇಷ್ಟು ಹೊತ್ತಿನ ಅಳು ತಪ್ಪುತ್ತದೆ ಎಂದರೆ ಸಾಕು. ಅಳುವ ಕೂಸನ್ನು ಎತ್ತಿಕೊಂಡವರಿಗೆ ಅದು ಎಷ್ಟು ದೀರ್ಘ ಹೊತ್ತೆಂದು ಯಾರೂ ಹೇಳಿಕೊಡಬೇಕಿಲ್ಲ.

ಜೇನುತುಪ್ಪ ನೆಕ್ಕಿಸಬಹುದೇ ಎಂಬ ಪ್ರಶ್ನೆಯೂ ಬರುತ್ತದೆ. ಸಿಹಿಯಿಂದ ಶಿಶುವಿನ ನೋವು ತಗ್ಗುತ್ತದೆಂಬುದು ನಿಜ, ಆಸ್ಪತ್ರೆಗಳಲ್ಲಿ ಅಳತೆಯ ಸಕ್ಕರೆ ದ್ರಾವಣವನ್ನು ಹಾಗೆ ಬಳಸುವುದುಂಟು. ಆದರೆ ಜೇನಿನಲ್ಲಿ ಕೂಸಿನ ಸ್ನಾಯುಗಳ ಬಲ ಕುಂದಿಸುವ ಬೊಟುಲಿಸಂ ರೋಗದ ಅಣುವಿನ ಬೀಜಕಗಳಿರಬಹುದಾದ್ದರಿಂದ ವರ್ಷ ತುಂಬುವವರೆಗೆ ಅದು ಬೇಡವೇ ಬೇಡ. ಈ ವಿಷಯದಲ್ಲಿ ನಾನು ಮೃದುವಾಗಿ ಮಾತಾಡುವುದಿಲ್ಲ. ಮೊದಲೇ ಪ್ಯಾರಾಸಿಟಮಾಲ್ ಹನಿ ಕುಡಿಸಿ ಕರೆತರುವುದೂ ಬೇಡ. ಚುಚ್ಚುವ ನೋವಿಗೆ ಅದು ನಾಟುವುದಿಲ್ಲ, ಆಮೇಲೆ ಬರುವ ಜ್ವರದ ಮಾತು ಬೇರೆ.

ಐದು ವರ್ಷದ ಮಕ್ಕಳ ಕಷ್ಟವೇ ಬೇರೆ. "ಸುಮ್ಕಿರು, ಇಲ್ದಿದ್ರೆ ಸೂಜಿ ಚುಚ್ಚುಸ್ತೀನಿ" ಎಂಬ ಬೆದರಿಕೆಯನ್ನು ಮನೆಯಲ್ಲಿ ಕೇಳಿಕೊಂಡು ಬಂದ ಮಗುವಿಗೆ, ಇಲ್ಲಿ ಬಂದ ಮೇಲೆ "ಏನೂ ನೋಯಲ್ಲ" ಎಂದರೆ ಅದು ನಂಬುವುದಿಲ್ಲ, ನಂಬಿದರೆ ಇನ್ನೂ ಅನ್ಯಾಯ. ಕೂತುಕೊಂಡಿರಲಿ, ಸ್ವಲ್ಪ ಚುರುಕ್ ಅನ್ನಬಹುದು ಎಂದಷ್ಟೇ ಹೇಳಿ, ಬೇರೆ ಮಾತಿಗೆ ಎಳೆಯಿರಿ ಎನ್ನುತ್ತೇನೆ.

ಇವನ್ನೆಲ್ಲ ಲಸಿಕೆಯ ದಿನವೇ ಹೇಳಹೊರಟರೆ ಗದ್ದಲದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಆದ್ದರಿಂದ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ 28ನೆಯ ದಿನ ಭೇಟಿ ಕೊಡುವಾಗಲೇ, ಅಜ್ಜಿಯನ್ನೂ ಕೂರಿಸಿಕೊಂಡು, ಕೂಸನ್ನು ಹಿಡಿದುಕೊಳ್ಳುವ ರೀತಿಯನ್ನು ಮಾಡಿ ತೋರಿಸುತ್ತಾರೆ.