ಲ್ಯಾನ್ ಕೇಬಲ್ ಎಳೆಯುವ ಮುಂಚೆ ಉದ್ದ ನೋಡಿಕೊಳ್ಳಿ

ಲ್ಯಾನ್ ಕೇಬಲ್‌ಗೆ 100 ಮೀಟರ್ ಮಿತಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಷ್ಟೂ ಗೋಡೆಯೊಳಗಿನ ಕೇಬಲ್‌ಗೆ ಸಿಗೋದಿಲ್ಲ. ಅದಕ್ಕೆ 90 ಮೀಟರ್, ಎರಡೂ ತುದಿಯಲ್ಲಿ ಸಾಧನಕ್ಕೆ ಚುಚ್ಚುವ ಗಿಡ್ಡ ಕೇಬಲ್, ಅಂದರೆ ಪ್ಯಾಚ್ ಕಾರ್ಡ್‌ಗಳಿಗೆ ಸೇರಿ 10. ಪ್ಯಾಚ್ ಕಾರ್ಡ್ ಒಳಗೆ ಸಣ್ಣ ಎಳೆಗಳ ತಂತಿ ಇರುತ್ತದೆ, ಅದರಲ್ಲಿ ಸಿಗ್ನಲ್ ಬೇಗ ಕುಗ್ಗುತ್ತದೆ. ಉದ್ದಕ್ಕೂ ಅದನ್ನೇ ಎಳೆಯಬೇಡಿ.

ಕಣ್ಣಳತೆ ನಂಬಬೇಡಿ. ಗೋಡೆ ಹತ್ತಿ ಇಳಿಯುವುದು, ಮೂಲೆ ಸುತ್ತುವುದು, ರ್‍ಯಾಕ್‌ನಲ್ಲಿ ಸುತ್ತಿಟ್ಟಿದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ಕೇಬಲ್ ಸಿಪ್ಪೆಯ ಮೇಲೇ ಉದ್ದದ ಗುರುತು ಇರುತ್ತದೆ. ಒಂದು ತುದಿಯಲ್ಲಿ 212, ಇನ್ನೊಂದರಲ್ಲಿ 305 ಮೀಟರ್ ಅಂತಿದ್ದರೆ ಆಗಲೇ 93 ಆಯ್ತಲ್ವಾ!

ಸೆಕೆಂಡಿಗೆ 10 ಗಿಗಾಬಿಟ್ ವೇಗ ಬೇಕಿದ್ದರೆ ಕ್ಯಾಟ್ 6 ದರ್ಜೆಯ ಕೇಬಲ್ ಹೆಚ್ಚೆಂದರೆ 55 ಮೀಟರ್. ಪೂರ್ತಿ 100ಕ್ಕೆ ಕ್ಯಾಟ್ 6ಎ ಹಾಕಿ.

ಮಿತಿ ದಾಟಿದ ತಕ್ಷಣ ಲಿಂಕ್ ಸಾಯುತ್ತದೆ ಅಂತೇನಿಲ್ಲ. ಅದೇ ದೊಡ್ಡ ತಲೆನೋವು. ಲೈಟ್ ಉರಿಯುತ್ತಿರುತ್ತದೆ, ಡೇಟಾದ ತುಣುಕುಗಳಾದ ಪ್ಯಾಕೆಟ್‌ಗಳು ಸುಮ್ನೆ ಬಿದ್ದುಹೋಗುತ್ತಿರುತ್ತವೆ. ಪಿಒಇ (ಲ್ಯಾನ್ ಕೇಬಲ್‌ನಲ್ಲೇ ಕರೆಂಟ್ ಪಡೆಯುವ) ಕ್ಯಾಮೆರಾ ಹಗಲೆಲ್ಲ ಚೆನ್ನಾಗಿದ್ದು, ರಾತ್ರಿ ಇನ್‌ಫ್ರಾರೆಡ್ ಲೈಟ್ ಹತ್ತಿದಾಗ ರೀಸ್ಟಾರ್ಟ್ ಆಗುತ್ತಿದ್ದರೆ ಕೇಬಲ್ ಉದ್ದದ ಮೇಲೂ ಅನುಮಾನ ಇರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಾದರೆ ಈ ಕಾಟ ಇನ್ನೂ ಜಾಸ್ತಿ.

ದೂರ ಹೆಚ್ಚಿದ್ದರೆ ನಡುವೆ ಒಂದು ನೆಟ್‌ವರ್ಕ್ ಸ್ವಿಚ್ ಇಡಿ, ಅಲ್ಲಿಂದ ಮತ್ತೆ 100 ಮೀಟರ್ ಸಿಗುತ್ತದೆ. ಕಟ್ಟಡದಿಂದ ಕಟ್ಟಡಕ್ಕಾದರೆ ನೇರವಾಗಿ ಫೈಬರ್ ಹಾಕಿಸಿ, ಸಿಡಿಲಿನ ಭಯವೂ ಕಡಿಮೆ.