ಎತ್ತರದ ಮರುಭೂಮಿಯಲ್ಲಿ ಜಿನ್ನಿಯಾ: ಮಡಿ ಏರಿಸಬೇಡಿ, ಪಾತಿ ತೋಡಿ

ಮೊದಲ ವರ್ಷದ ನನ್ನ ಪೆದ್ದುತನ ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಗೆ ಬಂದ ಹೊಸದರಲ್ಲಿ ಮರದ ಹಲಗೆ ತಂದು, ಒಂದಡಿ ಎತ್ತರದ ಏರುಮಡಿ ಕಟ್ಟಿ, ಚೀಲಗಟ್ಟಲೆ ಮಣ್ಣು ತುಂಬಿ, ಏಪ್ರಿಲ್‌ನಲ್ಲೇ ಜಿನ್ನಿಯಾ ಹೂವಿನ ಬೀಜ ಹಾಕಿದೆ. ವಿಡಿಯೋಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು ಅಲ್ವಾ! ಬೆಳಿಗ್ಗೆ ನೀರು ಹಾಕಿದರೆ ಹನ್ನೊಂದು ಗಂಟೆಗೆಲ್ಲ ಮೇಲಿನ ಮಣ್ಣು ಹಿಟ್ಟಿನ ಹಾಗೆ ಹಾರುತ್ತಿತ್ತು. ಅರ್ಧ ಬೀಜ ಮೊಳೆಯಲೇ ಇಲ್ಲ. ಮೊಳೆತದ್ದನ್ನು ಗಾಳಿ ಮುರಿದು ಹಾಕಿತು. ಹಿರಿಯೂರಿನಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ, "ಅಷ್ಟೆತ್ತರಕ್ಕೆ ಯಾಕೆ ಕೂರಿಸಿದ್ದೀಯೇ? ಒಂದು ಪಾತಿ ಮಾಡೋಕೆ ಏನು ಕಷ್ಟ?" ಅಂದಳು.

ಅವಳು ಹೇಳಿದ್ದು ಸರಿ. ಏರುಮಡಿ ಇರುವುದು ಮಳೆ ಜಾಸ್ತಿಯಾಗಿ ನೀರು ನಿಲ್ಲುವ ಊರುಗಳಿಗೆ. ಆಲ್ಬುಕರ್ಕಿ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಮೇಲಿದೆ, ವರ್ಷಕ್ಕೆ ಬೀಳುವ ಮಳೆ ಸುಮಾರು 220 ಮಿ.ಮೀ. ಬರದ ಸೀಮೆ ಅನ್ನಿಸಿಕೊಂಡ ನಮ್ಮ ಹಿರಿಯೂರಿನಲ್ಲೇ ಅದರ ಎರಡು ಪಟ್ಟಿಗಿಂತ ಜಾಸ್ತಿ ಬೀಳುತ್ತದೆ! ಇಲ್ಲಿಂದ ಪಶ್ಚಿಮಕ್ಕೆ, ಅರಿಜೋನಾ ಗಡಿಯ ಹತ್ತಿರ ಇರುವ ಜೂನಿ ಎಂಬ ಮೂಲನಿವಾಸಿ ಜನ ತಲೆತಲಾಂತರದಿಂದ ತರಕಾರಿ ಬೆಳೆದಿರುವುದೂ ತಗ್ಗಿನಲ್ಲೇ. ನೆಲದಲ್ಲಿ ಸಣ್ಣ ಸಣ್ಣ ಚೌಕ, ಸುತ್ತ ಜೇಡಿಮಣ್ಣಿನ ಗಿಡ್ಡ ಬದು. ಮೇಲಿಂದ ನೋಡಿದರೆ ವಾಫಲ್ ತಿಂಡಿಯ ಹಾಗೆ ಕಾಣುತ್ತದೆ ಅಂತ ಇಂಗ್ಲಿಷಿನವರು ಅದಕ್ಕೆ ವಾಫಲ್ ಗಾರ್ಡನ್ ಅನ್ನುತ್ತಾರೆ. ನಮ್ಮ ಕಣ್ಣಿಗೆ ಅದು ಸಾಲು ಪಾತಿ, ಅಷ್ಟೇ.

ಹಾಗಾಗಿ ಪಾತಿಯಿಂದಲೇ ಶುರು ಮಾಡಿ. ದಿನಕ್ಕೆ ಏಳೆಂಟು ಗಂಟೆ ಬಿಸಿಲು ಬೀಳುವ ಜಾಗ ನೋಡಿ, ಎರಡಡಿ ಉದ್ದ, ಎರಡಡಿ ಅಗಲದ ಚೌಕ ಗುರುತು ಹಾಕಿ. ಮಣ್ಣನ್ನು ಒಂದಡಿ ಆಳಕ್ಕೆ ಸಡಿಲ ಮಾಡಿ. ಆಮೇಲೆ ಮೇಲಿನ ಮಣ್ಣು ತೆಗೆದು ಸುತ್ತ ಬದು ಹಾಕಿ. ಪಾತಿಯ ಮಟ್ಟ ನೆಲಕ್ಕಿಂತ ನಾಲ್ಕು ಇಂಚು ಕೆಳಗಿದ್ದರೆ ಸಾಕು. ತೋಡುವಾಗ ಕೆಲವು ಕಡೆ ಹಾರೆಗೂ ಜಗ್ಗದ ಬಿಳಿ ಪದರ ಸಿಗುತ್ತದೆ. ಇಲ್ಲಿಯವರು ಅದಕ್ಕೆ ಕಲೀಚಿ ಅನ್ನುತ್ತಾರೆ, ಮಣ್ಣಿನೊಳಗೇ ಗಟ್ಟಿಯಾದ ಸುಣ್ಣ ಅದು. ತೆಳ್ಳಗಿದ್ದರೆ ಒಡೆದು ತೆಗೆಯಿರಿ. ದಪ್ಪ ಇದ್ದರೆ ಸುಮ್ನೆ ಸೊಂಟ ಮುರಿದುಕೊಳ್ಳಬೇಡಿ, ಜಾಗ ಬದಲಾಯಿಸಿ. ಬಿತ್ತುವ ಮೊದಲು ಒಂದು ಬಕೆಟ್ ನೀರು ಸುರಿದು ನೋಡಿ: ಅರ್ಧ ದಿನವಾದರೂ ಇಂಗದೆ ನಿಂತಿದ್ದರೆ ಆ ಪಾತಿಯಲ್ಲಿ ಜಿನ್ನಿಯಾ ಬೇರು ಕೊಳೆಯುತ್ತದೆ.

ಇನ್ನು ಗೊಬ್ಬರ. ಇಲ್ಲಿ ಊರಿನ ಎರಡು ಅಭ್ಯಾಸ ಬಿಡಬೇಕು. ಒಂದು, ಕೊಟ್ಟಿಗೆ ಗೊಬ್ಬರವನ್ನು ಕೈ ತುಂಬಾ ಸುರಿಯುವುದು. ಇಲ್ಲಿ ಚೀಲದಲ್ಲಿ ಸಿಗುವ ದನದ ಗೊಬ್ಬರದಲ್ಲಿ ಉಪ್ಪಿನಂಶ ಜಾಸ್ತಿ ಇರುವುದುಂಟು. ಆ ಉಪ್ಪನ್ನು ತೊಳೆದು ಕೆಳಗಿಳಿಸುವಷ್ಟು ಮಳೆ ಇಲ್ಲ, ಮಣ್ಣಿನಲ್ಲೇ ಉಳಿದು ಎಲೆಯ ಅಂಚು ಸುಡುತ್ತದೆ. ಎಲೆ, ತರಕಾರಿ ಸಿಪ್ಪೆ ಕೊಳೆತ ಕಾಂಪೋಸ್ಟ್ ಎರಡು ಇಂಚು ಬೆರೆಸಿದರೆ ಸಾಕು, ಜಿನ್ನಿಯಾ ಅಷ್ಟೇನೂ ಹೊಟ್ಟೆಬಾಕ ಗಿಡ ಅಲ್ಲ.

ಎರಡನೆಯದು ಬೂದಿ. ಚಳಿಗಾಲದಲ್ಲಿ ಇಲ್ಲಿ ಪಿನ್ಯೋನ್ ಅನ್ನುವ ಪೈನ್ ಮರದ ಸೌದೆ ಉರಿಸುತ್ತಾರೆ, ಏನು ಘಮ ಅಂತೀರಿ! ಅದರ ಬೂದಿ ಹಾಳಾಗಬಾರದು ಅಂತ ನಾನು ಒಂದು ವರ್ಷ ಗಿಡದ ಬುಡಕ್ಕೆ ಹಾಕಿದೆ. ಎಲೆ ಹಳದಿ, ನರ ಮಾತ್ರ ಹಸಿರು. ಮಣ್ಣೇ ಮೊದಲು ಕ್ಷಾರ, ಪಿಎಚ್ 8ರ ಹತ್ತಿರ, ನೀರೂ ಗಡಸು, ಅದರ ಮೇಲೆ ಬೂದಿ ಬೇರೆ. ಹೀಗಾದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ನಿಮ್ಮ ಗಿಡದ ಹೊಸ ಎಲೆಯಲ್ಲಿ ಹೀಗೆ ಕಂಡರೆ ಅಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣ (ಗಿಡಕ್ಕೆ ಸಿಗುವ ರೂಪದ ಕಬ್ಬಿಣ) ಕೇಳಿ, ಡಬ್ಬಿ ಮೇಲೆ ಇಡಿಡಿಎಚ್‌ಎ ಅಂತ ಇರುವುದನ್ನೇ ತೆಗೆದುಕೊಳ್ಳಿ. ಬೇರೆ ಕೆಲವು ಇಷ್ಟು ಕ್ಷಾರದ ಮಣ್ಣಿನಲ್ಲಿ ಕೆಲಸ ಮಾಡುವುದಿಲ್ಲ, ದುಡ್ಡು ದಂಡ.

ಬಿತ್ತುವುದಕ್ಕೆ ಅವಸರ ಬೇಡ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಬೆವರು ಬರುವಷ್ಟು ಬಿಸಿಲಿರುತ್ತದೆ, ರಾತ್ರಿ ಮಾತ್ರ ನೀರು ಹೆಪ್ಪುಗಟ್ಟುವ ಚಳಿ. ಅಂಥ ಒಂದು ರಾತ್ರಿ ಸಾಕು, ಬೆಳಿಗ್ಗೆ ಸಸಿ ಬೆಂದ ಸೊಪ್ಪಿನ ಹಾಗೆ ಬಿದ್ದಿರುತ್ತದೆ. ಜೊತೆಗೆ ಆ ಎರಡು ತಿಂಗಳು ಗಾಳಿಯ ಕಾಟ. ಆಲ್ಬುಕರ್ಕಿಯಲ್ಲಿ ನಾನು ಮೇ ಎರಡನೇ ವಾರಕ್ಕೆ ಮೊದಲು ಪ್ಯಾಕೆಟ್ ಒಡೆಯುವುದೇ ಇಲ್ಲ. 2,100 ಮೀಟರಿಗಿಂತ ಎತ್ತರದಲ್ಲಿರುವ ಸಾಂಟಾ ಫೆಯವರು ಮೇ ಕೊನೆವರೆಗೆ ಕಾಯಿರಿ. ಮಣ್ಣು 21 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೀಜ ನಾಲ್ಕರಿಂದ ಏಳು ದಿನಕ್ಕೆ ಮೊಳೆಯುತ್ತದೆ. ತಣ್ಣಗಿದ್ದರೆ ಅಲ್ಲೇ ಕೊಳೆಯುತ್ತದೆ. ಒಳಗೆ ಕುಂಡದಲ್ಲಿ ಸಸಿ ಮಾಡಿ ನೆಡಬಹುದು, ಆದರೆ ಜಿನ್ನಿಯಾಗೆ ಬೇರು ಅಲುಗಿದರೆ ಆಗಿಬರುವುದಿಲ್ಲ. ನೇರವಾಗಿ ಬಿತ್ತುವುದೇ ಸುಲಭ.

ಹಬ್ಬದ ಲೆಕ್ಕ ಬೇಕೆನ್ನುವವರಿಗೆ: ಬಿತ್ತಿ 60-70 ದಿನಕ್ಕೆ ಹೂ. ಮೇ ಮಧ್ಯದಲ್ಲಿ ಹಾಕಿದ್ದು ಜುಲೈ ಕೊನೆಗೆ ಶುರುವಾಗುತ್ತದೆ. ನಾನು ಗೌರಿ ಗಣೇಶನಿಗೆ ಅಂತ ಜೂನ್ ಕೊನೆಯಲ್ಲಿ ಎರಡು ಪಾತಿ, ನವರಾತ್ರಿಗೆ ಜುಲೈ ಮೊದಲ ವಾರದಲ್ಲಿ ಇನ್ನೆರಡು ಪಾತಿ ಹಾಕುತ್ತೇನೆ. ಗಣೇಶ ಆಗಸ್ಟ್‌ನಲ್ಲೇ ಬರುವ ವರ್ಷ ಮೇ ತಿಂಗಳ ಗಿಡವೇ ಗತಿ.

ಬೀಜವನ್ನು ಕಾಲು ಇಂಚು ಆಳಕ್ಕೆ ಹಾಕಿ, ಮಣ್ಣನ್ನು ಅಂಗೈಯಿಂದ ಒತ್ತಿ. ಇಲ್ಲಿನ ಮುಖ್ಯ ತಲೆನೋವು ಮೊದಲ ವಾರವೇ. ಜೂನ್ ಮಧ್ಯಾಹ್ನ ಗಾಳಿಯಲ್ಲಿ ತೇವಾಂಶ ಶೇಕಡಾ ಹತ್ತಕ್ಕಿಂತ ಕೆಳಗೆ ಇಳಿಯುವುದುಂಟು, ಒಗೆದು ಹರವಿದ ಬಟ್ಟೆ ಅರ್ಧ ಗಂಟೆಗೆ ಒಣಗುವ ಹಾಗೆಯೇ ಮೇಲಿನ ಕಾಲಿಂಚು ಮಣ್ಣೂ ಒಣಗುತ್ತದೆ, ಮೊಳಕೆ ಇರುವುದು ಸರಿಯಾಗಿ ಆ ಕಾಲಿಂಚಿನಲ್ಲೇ. ಪಾತಿಯ ಮೇಲೆ ಒಂದು ಹಳೆಯ ಕಾಟನ್ ಸೀರೆ ತುಂಡು ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಬೆಳಿಗ್ಗೆ ಸಂಜೆ ಆ ಬಟ್ಟೆಯ ಮೇಲೇ ನೀರು ಚಿಮುಕಿಸಿ. ಮೊದಲ ಮೊಳಕೆ ಕಂಡ ದಿನವೇ ತೆಗೆಯಿರಿ, ಮರೆತರೆ ಸಸಿ ಸೊರಗಿ ಉದ್ದ ಎಳೆಯುತ್ತದೆ.

ಸಸಿ ನಾಲ್ಕು ಇಂಚು ಆದ ಮೇಲೆ ತೆಳುವು ಮಾಡಿ. ಎತ್ತರದ ಜಾತಿಯಾದರೆ ಎರಡಡಿ ಪಾತಿಗೆ ನಾಲ್ಕೇ ಗಿಡ. ಕೀಳಲು ಮನಸ್ಸು ಬರುವುದಿಲ್ಲ ಅಂತ ಗೊತ್ತು, ಕಿತ್ತುಬಿಡಿ. ಬುಡಕ್ಕೆ ಹುಲ್ಲು ಹಾಸಿದರೆ ಗಾಳಿಗೆ ಪಕ್ಕದ ಮನೆ ಸೇರುತ್ತದೆ, ನ್ಯೂ ಮೆಕ್ಸಿಕೋದಲ್ಲಿ ಪೆಕಾನ್ ಕಾಯಿಯ ಸಿಪ್ಪೆ ಸಿಗುತ್ತದಲ್ಲ, ಅದು ಚೆನ್ನಾಗಿ ಕೂರುತ್ತದೆ. ಜಲ್ಲಿ ಮಾತ್ರ ಬೇಡ, ರಾತ್ರಿವರೆಗೂ ಕಾವು ಇಟ್ಟುಕೊಳ್ಳುತ್ತದೆ.

ನೀರಿನ ಲೆಕ್ಕ ಸುಲಭ. ಎರಡಡಿ ಚೌಕಕ್ಕೆ ಹತ್ತು ಲೀಟರಿನ ಒಂದು ಬಕೆಟ್ ಹಾಕಿದರೆ ಸುಮಾರು ಒಂದಿಂಚು ನೀರು. ಬೇರು ಇಳಿದ ಮೇಲೆ ಜೂನ್ ಬಿಸಿಲಲ್ಲಿ ವಾರಕ್ಕೆ ಎರಡು ಬಕೆಟ್, ಬೆಳಿಗ್ಗೆ ಹೊತ್ತು, ಬುಡಕ್ಕೆ. ದಿನಾ ಒಂದೊಂದು ಚೊಂಬು ಹಾಕುವುದು ಕೆಟ್ಟ ಅಭ್ಯಾಸ, ಬೇರು ಮೇಲೇ ಉಳಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಎಲೆ ಬಾಡಿದ್ದು ನೋಡಿ ಗಾಬರಿಯಾಗಬೇಡಿ, ಸಂಜೆ ತಾನೇ ಏಳುತ್ತದೆ. ಬೆಳಿಗ್ಗೆಯೂ ಬಾಡಿದ್ದರೆ ಬಾಯಾರಿದೆ ಅಂತ ಅರ್ಥ. ಜುಲೈ, ಆಗಸ್ಟ್‌ನಲ್ಲಿ ಸಂಜೆ ಗುಡುಗು ಮಳೆ ಬಂದರೆ ಪಾತಿ ತುಂಬಿಕೊಳ್ಳುತ್ತದೆ, ಆ ವಾರ ಬಕೆಟ್‌ಗೆ ರಜೆ. ನೆವಾಡಾದ ರೀನೋ, ಆರೆಗಾನ್‌ನ ಬೆಂಡ್ ಕಡೆ ಇರುವವರಿಗೆ ಈ ಬೇಸಿಗೆ ಮಳೆಯ ಭಾಗ್ಯ ಇಲ್ಲ, ನೀವು ಬಕೆಟ್ ಹೊರುತ್ತಲೇ ಇರಬೇಕು.

ಗಿಡ ಒಂದಡಿ ಹತ್ತಿರ ಬಂದಾಗ ನಡುವಿನ ಕುಡಿ ಚಿವುಟಿ. ಒಂದು ವಾರ ಹೂ ತಡವಾದರೂ ಕವಲು ಜಾಸ್ತಿ, ಗಿಡ ಗಾಳಿಗೂ ತಡೆಯುತ್ತದೆ.

ಒಣ ಹವೆಯಲ್ಲಿ ಬೂದಿ ರೋಗ ಬರಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ಎಲೆ ಒದ್ದೆಯಾಗಿರಬೇಕು ಅಂತೇನಿಲ್ಲ. ಬೆಚ್ಚಗಿನ ಹಗಲು, ತಂಪು ರಾತ್ರಿ, ಒತ್ತೊತ್ತಾದ ಗಿಡ ಇಷ್ಟಿದ್ದರೆ ಸಾಕು, ಆಗಸ್ಟ್ ಕೊನೆಗೆ ಎಲೆ ಮೇಲೆ ಬಿಳಿ ಪುಡಿ ಬರುತ್ತದೆ. ಈ ಕಾಟವೇ ಬೇಡ ಅಂದರೆ ಪ್ರೊಫ್ಯೂಷನ್ ಅಥವಾ ಜಹಾರಾ ಬೀಜ ತನ್ನಿ, ಗಿಡ್ಡ, ಗಟ್ಟಿ, ಬೂದಿ ರೋಗ ತಡೆಯುವ ಜಾತಿಗಳು. ಬೆನರೀಸ್ ಜೈಂಟ್ ಮೂರು ನಾಲ್ಕಡಿ ಬೆಳೆದು ತಟ್ಟೆಯಂಥ ಹೂ ಕೊಡುತ್ತದೆ, ನನಗೆ ಅದೇ ಇಷ್ಟ, ಆದರೆ ಕೋಲು ಕಟ್ಟಲೇಬೇಕು. ಗೋಡೆ ಬದಿಯ ಬಿಸಿಗೆ ಎಲೆಯಡಿ ಜೇಡ ನುಸಿ ಬಲೆ ಕಟ್ಟುತ್ತದೆ. ಬೆಳಿಗ್ಗೆ ಪೈಪ್ ಹಿಡಿದು ಎಲೆಯ ತಳಕ್ಕೆ ಜೋರಾಗಿ ನೀರು ಹೊಡೆಯಿರಿ. ಮಿಡತೆ, ಮೊಲ ಬಂದರೆ ಎಳೆ ಸಸಿಗೆ ತಂತಿಬಲೆ ಮುಚ್ಚುವುದು ಬಿಟ್ಟು ನನಗೆ ಬೇರೆ ಉಪಾಯ ದಕ್ಕಿಲ್ಲ.

ಹೂದಾನಿಗೆ ಕೊಯ್ಯುವ ಮುಂಚೆ ಹೂವಿನಿಂದ ಒಂದು ಗೇಣು ಕೆಳಗೆ ದಂಟು ಹಿಡಿದು ಅಲ್ಲಾಡಿಸಿ. ಕತ್ತು ಬಳುಕಿದರೆ ಇನ್ನೂ ಎಳೆಯದು, ನೀರಿಗಿಟ್ಟ ದಿನವೇ ತಲೆ ಬಾಗಿಸುತ್ತದೆ. ನೆಟ್ಟಗೆ ನಿಂತರೆ ಕೊಯ್ಯಿರಿ. ಕೊಯ್ದಷ್ಟೂ ಹೊಸ ಮೊಗ್ಗು ಬರುತ್ತದೆ.

ಬೀಜ ಇಟ್ಟುಕೊಳ್ಳುವುದಕ್ಕೆ ಈ ಒಣ ಹವೆಯೇ ಉಪಕಾರಿ. ಕೆಲವು ಹೂ ಗಿಡದಲ್ಲೇ ಕಂದಾಗಲಿ, ಒಣಗಿದ ಎಸಳು ಎಳೆದರೆ ಬುಡದಲ್ಲಿ ಬಾಣದ ಮೊನೆಯಂಥ ಬೀಜ ಬರುತ್ತದೆ. ಪ್ರೊಫ್ಯೂಷನ್ ಹೈಬ್ರಿಡ್ ಆದ್ದರಿಂದ ಅದರ ಬೀಜದಿಂದ ಅದೇ ಗಿಡ ಬರುವ ಖಾತ್ರಿ ಇಲ್ಲ. ಗುಬ್ಬಿ ಗಾತ್ರದ ಫಿಂಚ್ ಹಕ್ಕಿಗಳು ನಿಮಗಿಂತ ಮೊದಲು ಬರುತ್ತವೆ, ಒಂದೆರಡು ಹೂವಿಗೆ ಕಾಗದದ ಚೀಲ ಕಟ್ಟಿಡಿ. ಅಕ್ಟೋಬರ್ ಕೊನೆಯ ಚಳಿಗೆ ಗಿಡ ಕಪ್ಪಾದ ಮೇಲೆ ದಂಟು ಕತ್ತರಿಸಿ, ರೋಗದ ಎಲೆ ಕಸಕ್ಕೆ ಹಾಕಿ, ಬೇರನ್ನು ಮಾತ್ರ ಕೀಳದೆ ಬಿಡಿ. ಬದು ಹಾಗೇ ಇರಲಿ, ಡಿಸೆಂಬರಿನಲ್ಲಿ ಬಿದ್ದ ಹಿಮ ಪಾತಿಯಲ್ಲೇ ಕರಗಿ ಕೆಳಗಿಳಿಯುತ್ತದೆ.