ಬೈಗುಳದ ಬೇರು ಹುಡುಕುವ ಕೆಲಸ

ಇಂಗ್ಲಿಷ್ ಕಥೆ, ಲೇಖನಗಳನ್ನು ಕನ್ನಡಕ್ಕೆ ತರುವುದು ನನ್ನ ಕಸುಬು. ಯಾವುದೋ ಜನಾಂಗವನ್ನು ಹೀಗಳೆಯುವ ಮಾತು ಎದುರಾದರೆ ಅದರ ಹುಟ್ಟು ಹುಡುಕದೆ ಮುಂದೆ ಹೋಗುವುದಿಲ್ಲ. ಯಾರು ಯಾರಿಗೆ, ಯಾವ ಕಾಲದಲ್ಲಿ ಅಂದರೆಂದು ತಿಳಿಯದಿದ್ದರೆ ಖಾರದ ಅಂದಾಜು ಸಿಗುವುದಿಲ್ಲ.

ಮೊದಲು ಬದಿಗಿಡುವುದು ಅಕ್ಷರ ಬಿಡಿಸುವ ಕಥೆಗಳನ್ನು. ಅಮೆರಿಕದಲ್ಲಿ ಇಟಲಿಯವರನ್ನು 'ವಾಪ್' ಎಂದು ಹಂಗಿಸುತ್ತಿದ್ದರು. 'ವಿದೌಟ್ ಪೇಪರ್ಸ್', ಅಂದರೆ ಕಾಗದಪತ್ರ ಇಲ್ಲದವರು ಎಂಬುದರ ಮೊದಲಕ್ಷರಗಳಂತೆ! ಆದರೆ ಅಲ್ಲಿ ವಲಸೆಗೆ ವೀಸಾ ಬಿಗಿಯಾದದ್ದು 1924ರ ಕಾನೂನಿನಿಂದ. ಬೈಗುಳ ಅದಕ್ಕಿಂತ ಹಳೆಯದು. ಅದರ ಬೇರು ನೇಪಲ್ಸ್ ಕಡೆಯ 'ಗುವಾಪ್ಪೊ'ದಲ್ಲಿದೆ. ಶೋಕಿಲಾಲ, ಪುಂಡ ಎಂದರ್ಥ. ಬಿಳಿಯರಲ್ಲದವರನ್ನು ಹಂಗಿಸುವ ಬ್ರಿಟನ್ನಿನ 'ವಾಗ್' ಬೈಗುಳಕ್ಕೂ ಇಂಥದೇ 'ವೆಸ್ಟರ್ನ್ ಓರಿಯಂಟಲ್ ಜಂಟಲ್‌ಮನ್' ಕಥೆ ಕಟ್ಟಿದ್ದಾರೆ. ನಿಘಂಟುಕಾರರ ಊಹೆ ಹೋಗುವುದು 1895ರ ಒಂದು ಮಕ್ಕಳ ಪುಸ್ತಕದ 'ಗಾಲಿವಾಗ್' ಎಂಬ ಕಪ್ಪು ಗೊಂಬೆಯ ಕಡೆಗೆ.

'ಕೂಲಿ' ಬಂದಾಗ ಮಾತ್ರ ಕೆಲಸ ಬಿಗಿಯಾಗುತ್ತದೆ. ನಮ್ಮಲ್ಲಿ ಕೂಲಿ ಎಂದರೆ ದುಡಿದದ್ದಕ್ಕೆ ಸಿಗುವ ಹಣ. ದುಡಿಯುವವನು ಕೂಲಿಯವನು, ಕೂಲಿಯಾಳು. (ರೈಲ್ವೆ ಸ್ಟೇಷನ್ನಿನ ಮಾತು ಬೇರೆ.) ಇಂಗ್ಲಿಷಿನಲ್ಲಿ ಆಳು ಉದುರಿಹೋಗಿ ಮನುಷ್ಯನೇ ಕೂಲಿಯಾದ. ಬ್ರಿಟಿಷರ ಕಾಲದ ಭಾರತದ ಇಂಗ್ಲಿಷ್ ಪದಗಳನ್ನು ಕಲೆಹಾಕಿದ 1886ರ ಹಾಬ್ಸನ್-ಜಾಬ್ಸನ್ ನಿಘಂಟು ಈ ಪದದ ಮೂಲವಾಗಿ ಗುಜರಾತಿನ ಕೋಲಿ ಸಮುದಾಯದ ಹೆಸರನ್ನೂ ಮುಂದಿಡುತ್ತದೆ. ಆ ಜಗಳ ಪಂಡಿತರಿಗಿರಲಿ, ನನಗೆ ಬೇಕಾದದ್ದು ಪದ ನಡೆದ ದಾರಿ. ಮದ್ರಾಸಿನಿಂದ ಹೊರಟ ಟ್ರೂರೋ ಹಡಗು ಕರಾರು ಕಾರ್ಮಿಕರನ್ನು ಹೊತ್ತು 1860ರ ನವೆಂಬರ್ 16ರಂದು ದಕ್ಷಿಣ ಆಫ್ರಿಕಾದ ಡರ್ಬನ್ ತಲುಪಿತು. ಕಬ್ಬಿನ ಗದ್ದೆಗೆ ಬಂದವರಿಗೆ ಅಂಟಿದ ಹೆಸರು ಕ್ರಮೇಣ ಅಂಗಡಿಯವರಿಗೂ ವಕೀಲರಿಗೂ ಅಂಟಿತು. 1893ರಲ್ಲಿ ಅಲ್ಲಿಗೆ ಹೋದ ಗಾಂಧಿ 'ಕೂಲಿ ಬ್ಯಾರಿಸ್ಟರ್' ಆದರು.

ಅವರ ಆತ್ಮಕಥೆಯಲ್ಲೇ ಇನ್ನೊಂದು ಬೈಗುಳವಿದೆ: 'ಸಾಮಿ'. ತಮಿಳರ ಹೆಸರುಗಳ ಕೊನೆಯ ಸ್ವಾಮಿಯನ್ನೇ ಬಿಳಿಯರು ತಿರಸ್ಕಾರದಿಂದ ಕೂಗುತ್ತಿದ್ದರು. ಸಾಮಿ ಎಂದರೆ ಯಜಮಾನ, ನಾನು ನಿಮ್ಮ ಯಜಮಾನನಲ್ಲವಲ್ಲ ಎಂದು ಚುರುಕಾದವರು ತಿರುಗೇಟು ಕೊಡುತ್ತಿದ್ದರಂತೆ. ಈ ಉತ್ತರದ ಮುಂದೆ ನನ್ನ ಅಡಿಟಿಪ್ಪಣಿಗಳೆಲ್ಲ ಸಪ್ಪೆ.

ಅನುವಾದದಲ್ಲಿ ಬರೀ 'ಕೂಲಿ' ಎಂದು ಬರೆದರೆ ನಮ್ಮ ಓದುಗರಿಗೆ ದಿನಗೂಲಿಯೇ ನೆನಪಾಗುತ್ತದೆ, ಅವಮಾನ ತಟ್ಟುವುದಿಲ್ಲ. ಹಾಗಾಗಿ ಪದವನ್ನು ಬದಲಿಸದೆ ಅದರ ಸುತ್ತ ಏಕವಚನ ಹಾಕುತ್ತೇನೆ: "ಏಯ್ ಕೂಲಿ, ಇಳಿಯೋ ಕೆಳಗೆ." ಆ 'ಇಳಿಯೋ' ಸಾಕು. ನಿರೂಪಕರೇ ಹಾಗೆ ಕರೆದಿದ್ದರೆ ಮಾತ್ರ ಒಂದು ಸಾಲಿನ ಟಿಪ್ಪಣಿ ಬರೆಯುತ್ತೇನೆ. 'ಸಾಮಿ'ಗಂತೂ ಟಿಪ್ಪಣಿ ಬೇಕೇ ಬೇಕು. ಇಲ್ಲದಿದ್ದರೆ ಅದು ಮರ್ಯಾದೆಯ ಮಾತಾಗಿಬಿಡುತ್ತದೆ.